ಇತರೆ

ಮಾರ್ಗಶಿರದ ಮೊದಲ ವಾರ. ಷಟರ್ ಎತ್ತಿ
ಇನ್ನೂ ಊದುಬತ್ತಿ ಹಚ್ಚಿರಲಿಲ್ಲ.
ಪಾಲಯ್ಯ ಬಂದು ನಿಂತ. ಮಫ್ಲರಿನೊಳಗಿಂದ
"ಗಾಡಿಗೆ ಗಾಲಿ ಬದಲಾಯ್ಸಿದೀನಿ ಮೇಡಮ್ನೋರೆ, ಬರ್ಕಳಿ" ಅಂದ.

ಹನ್ನೊಂದು ವರ್ಷದಿಂದ ಬಿ.ಡಿ. ರಸ್ತೆಯ ಈ ಮೇಜಿನ ಹಿಂದಿದ್ದೇನೆ.
ಗುದ್ದಿದವರು ಬಂದಿದ್ದಾರೆ, ಗುದ್ದಿಸಿಕೊಂಡವರು ಬಂದಿದ್ದಾರೆ,
ಗುದ್ದದೆಯೇ ಗುದ್ದಿತೆಂದವರಿಗೆ ಟೀ ತರಿಸಿದ್ದೇನೆ.
ಏನೂ ಆಗುವ ಮೊದಲೇ ಹೇಳಲು ಬಂದವನು
ಇವನೊಬ್ಬನೇ.

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳಿಗೆ
ರಾತ್ರಿಪಾಳಿಯ ಹುಡುಗರನ್ನು ಹತ್ತಿಸಿ ಇಳಿಸುವುದು ಅವನ ಕೆಲಸ.
ದೀಪಾವಳಿ ಕಳೆದರೆ ಮೇಲೆಲ್ಲ ಮಂಜು.
ಬೆಳಗಿನ ಜಾವ ನಾಲ್ಕಕ್ಕೆ ಬಂಡೆ ಬೆವರುತ್ತದಂತೆ,
ಬ್ರೇಕು ಒತ್ತಿದರೆ ಗಾಡಿ
ಎಣ್ಣೆ ಹಚ್ಚಿದ ಕೂಸಿನ ಹಾಗೆ ಕೈಜಾರುತ್ತದಂತೆ.
ಅದಕ್ಕೇ ದಾವಣಗೆರೆಗೆ ಹೋಗಿ, ಕಲಂದರ್ ಸಾಬರ ಅಂಗಡಿಯಲ್ಲಿ
ಅಗಲದ ರಿಮ್ಮು, ಆಳದ ಗೀರಿನ ಟೈರು, ನಾಲ್ಕು.
ಶಿವರಾತ್ರಿವರೆಗೆ ಇವು,
ಆಮೇಲೆ ಅಟ್ಟದ ಮೇಲಿರುವ ಅವು.

ಕಂಪ್ಯೂಟರ್ ಕೇಳಿತು: ಬದಲಾವಣೆಯ ಕಾರಣ?
ಕೆಳಗೆ ಮೂರೇ ಮನೆ.
ಅಲಂಕಾರವೇ, ಅಂದೆ.
ಹಿಂಬಾಗಿಲಿಗೆ ತಂತಿ ಬಿಗಿದ ತನ್ನ ಬೊಲೆರೊವನ್ನು
ಕಿಟಕಿಯಿಂದ ಒಮ್ಮೆ ನೋಡಿ ಸುಮ್ಮನಾದ.
ವೇಗವೇ?
"ನಿಧಾನಕ್ಕೇ ಹಾಕ್ಸಿದ್ದು."
ಉಳಿದದ್ದು, ಇತರೆ. ಒತ್ತಿದೆ.

ತೆರಿಗೆ ಸೇರಿ ಸಾವಿರದ ನಾನೂರ ಹದಿನಾರು.
ಬಿಚ್ಚಿದ ಮೇಲೆ ತಿದ್ದಿಸಲು ಬೇರೆ ನೂರ ಹದಿನೆಂಟು.
"ಹಾಕಿದ್ಕೂ ದುಡ್ಡು, ಬಿಚ್ಚಿದ್ಕೂ ದುಡ್ಡು!
ಸ್ವೆಟರಿಗೂ ಹಿಂಗೇ ಏನು?"

ದನಿ ತಗ್ಗಿಸಿದೆ. ಯಾರೂ ಹೇಳಲ್ಲ ಪಾಲಯ್ಯ,
ನೀನು ಬಂದಿಲ್ಲ, ನಾನು ಕೇಳಿಲ್ಲ, ಮನೆಗೆ ಹೋಗು.

ಆಗ ತೆಗೆದ ಒಳಜೇಬಿನಿಂದ
ನಾಲ್ಕು ಮಡಿಕೆಯ ಕಾಗದ, ಮಡಿಕೆಗಳಲ್ಲಿ ತೂತು.
'ಘೋಷಿಸದ ಮಾರ್ಪಾಡು ಕಂಡುಬಂದಿರುವುದರಿಂದ
ತಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ.'
ಮೇಲೆ ಬೋಸಯ್ಯ ಎಂಬ ಹೆಸರು, ಇವನ ಭಾಮೈದ.
ಕೆಳಗೆ, ವಾರಿಜಾ ಎಂದು, ವಕಾರದ ಬಾಲ ಉದ್ದ ಎಳೆದು,
ನಾನು.

ಯಾವ ದಿನ ಬರೆದೆನೋ ನೆನಪಿಲ್ಲ.
ಆ ಸಾಲು ಮಾತ್ರ ಬಾಯಿಪಾಠ,
ಹೆಸರು ಬದಲಿಸಿದರೆ ಸಾಕು.

ಈಗ ಹೇಗಿದ್ದಾರೆ?
"ಮಂಡಕ್ಕಿ ಭಟ್ಟಿಗೆ ಹೋಗ್ತಾನೆ. ಗಾಡಿ ಗುಜರಿಗೆ ಹೋತು.
ನಿಮ್ಮನ್ನ ಅನ್ನಾಕೆ ಬಂದಿಲ್ಲ ಬಿಡಿ.
ಬರ್ದಿದ್ದನ್ನೇ ಓದ್ತೀರಿ ನೀವು, ಅದ್ಕೇ ಬರ್ಸಾಕೆ ಬಂದೆ."

ಫೋಟೋ ಬೇಕು, ನಿಯಮ. ಹೊರಗೆ ಹೋಗಿ
ಒಂದೊಂದು ಗಾಲಿಯ ಮುಂದೂ ಕುಕ್ಕರಗಾಲಲ್ಲಿ ಕೂತೆ.
ಹನ್ನೊಂದು ವರ್ಷದಲ್ಲಿ ಟೈರು ಮುಟ್ಟಿರಲಿಲ್ಲ.
ಗೀರಿನೊಳಗೆ ಬೆರಳಿಟ್ಟರೆ ಉಗುರು ಪೂರ್ತಿ ಮುಳುಗಿತು,
ತಳದಲ್ಲಿ ಸಿಕ್ಕಿಕೊಂಡ ಕರೀ ಹರಳೊಂದು,
ಇನ್ನೂ ತಣ್ಣಗೆ.

ದುಡ್ಡು ಎಣಿಸಿದ. ಏಳು ಜನ ಹುಡುಗರದು ತಲಾ ಇನ್ನೂರು.
"ಮೇಲಿನ ಹದ್ನಾರು ನಂದು" ಎಂದು ನಕ್ಕ.
ರಸೀದಿಯನ್ನು ಬೆಳಕಿಗೆ ಹಿಡಿದು
ಒಂದು ಪದದ ಮೇಲೆ ಬೆರಳಿಟ್ಟು ಕೇಳಿದ,
ಇತರೆ ಅಂದ್ರೆ?
ಮಂಜು, ಅಂದೆ. ಬಾಯಿಗೆ ಬಂದದ್ದು.
"ಹಂಗೇ ಬರೀಬೋದಿತ್ತಲ್ಲ."

ಆ ಕಾಗದದ ಜೊತೆಗೇ ಇದನ್ನೂ ಮಡಿಸಿ ಒಳಗಿಟ್ಟ.
"ಶಿವರಾತ್ರಿ ಮಾರನೇ ದಿನ ಬರ್ತೀನಿ."
ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ,
ಗುರುತಿನ ಪಕ್ಕ ನೂರ ಹದಿನೆಂಟು ಎಂದು ಬರೆದು,
ಯಾರು ಕೊಡಬೇಕೆಂದು ಬರೆಯದೆ ಬಿಟ್ಟೆ.

ರಾತ್ರಿ ಒಣಗಿದ ಬಟ್ಟೆ ತರಲು ತಾರಸಿಗೆ ಹೋದಾಗ
ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರದ ಕೆಂಪು ದೀಪಗಳು.
ಅವುಗಳ ಕೆಳಗೆ, ತಿರುವಿನಲ್ಲಿ,
ಎರಡು ಹಳದಿ ಚುಕ್ಕಿ ಕಂಡು, ಮಂಜಿನಲ್ಲಿ ಮರೆಯಾಗಿ,
ಎಷ್ಟೋ ಹೊತ್ತಿನ ಮೇಲೆ
ಸ್ವಲ್ಪವೇ ಮೇಲೆ ಕಂಡವು.
ಬಟ್ಟೆ ಮತ್ತೆ ತೇವವಾಗಿತ್ತು.